ಮಾರಿಯೋ ಎರಡನೇ ಭಾಗ ಅಂದ್ರೆ ಯಾವುದು? ವಿಷದ ಅಣಬೆಯದ್ದಾ, ಮೂಲಂಗಿಯದ್ದಾ?

ದಾವಣಗೆರೆ_ಮಾರಿಯೋ:

ಮನೆಯಲ್ಲಿ ಒಂದು ವಾರದಿಂದ ಜಗಳ ನಡೀತಿದೆ. ನೀವೇ ಪಂಚಾಯ್ತಿ ಮಾಡಬೇಕು.

ಭಾವ ದುಬೈಯಿಂದ ಬರುವಾಗ ಮಗಳಿಗೆ ನಿಂಟೆಂಡೋ ಕಂಪನಿಯ ಸ್ವಿಚ್ ಅನ್ನೋ ವಿಡಿಯೋ ಗೇಮ್ ಯಂತ್ರ ತಂದುಕೊಟ್ಟರು. ಅದರಲ್ಲಿ ಚಂದಾ ಕಟ್ಟಿದರೆ ಹಳೇ ನಿಂಟೆಂಡೋ ಆಟಗಳೂ ಸಿಗುತ್ತವೆ. ನನಗೆ ಖುಷಿಯೋ ಖುಷಿ. 1996ರ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಒಂದು ಅಂಗಡಿಗೆ ಹೋಗಿ, ಗಂಟೆಗೆ ಐದು ರೂಪಾಯಿ ಕೊಟ್ಟು ಮಾರಿಯೋ ಆಡಿದವನು ನಾನು. ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಹತ್ತೋ ಹನ್ನೆರಡೋ. ಅವೇ ಮತ್ತೆ ಮತ್ತೆ ಬೇರೆ ಹೆಸರಲ್ಲಿ ಬರುತ್ತಿದ್ದವು. ಟಿವಿಯಲ್ಲಿ ಬರೀ ಗೆರೆ ಬಂದರೆ ಕ್ಯಾಸೆಟ್ ಕಿತ್ತು, ಉಫ್ ಅಂತ ಊದಿ, ಮತ್ತೆ ಹಾಕುವುದು. ಎರಡನೇ ಭಾಗ ಅಂತ ಒಂದಿದೆ ಅನ್ನೋದೇ ಆಗ ನನಗೆ ಗೊತ್ತಿರಲಿಲ್ಲ.

ಈಗ ನೋಡಿದರೆ ಎರಡನೇ ಭಾಗಗಳೇ ಎರಡಿವೆ!

ಒಂದು 1986ರಲ್ಲಿ ಜಪಾನಿನಲ್ಲಿ ಬಂದದ್ದು. ಈಗ ಅದಕ್ಕೆ 'ದಿ ಲಾಸ್ಟ್ ಲೆವೆಲ್ಸ್' ಅಂತ ಹೆಸರು. ನೋಡೋಕೆ ಪಕ್ಕಾ ಹಳೇ ಮಾರಿಯೋನೇ. ಅದೇ ಇಟ್ಟಿಗೆ, ಅದೇ ಪೈಪು, ಅದೇ ಸಂಗೀತ. ಆದರೆ ಮೊದಲನೇ ಹಂತದಲ್ಲೇ ಒಂದು ಅಣಬೆ ಬಂತು, ಮಗಳು ಓಡಿಹೋಗಿ ತಿಂದಳು, ಸತ್ತಳು. ವಿಷದ ಅಣಬೆ! ಬಣ್ಣ ಸ್ವಲ್ಪ ಬೇರೆ, ಅಷ್ಟೆ. ಅವಳು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ನಾನೇ ಊಟದಲ್ಲಿ ಏನೋ ಬೆರೆಸಿಕೊಟ್ಟ ಹಾಗೆ. "ಅಪ್ಪಾ, ಇದು ಮೋಸ" ಅಂತ ಕಂಟ್ರೋಲರ್ ನನ್ನ ತೊಡೆ ಮೇಲೆ ಇಟ್ಟು ಎದ್ದುಹೋದಳು.

ಇನ್ನೊಂದು 1988ರಲ್ಲಿ ಅಮೆರಿಕದಲ್ಲಿ ಬಂದದ್ದು. ಇದರಲ್ಲಿ ಶತ್ರುವಿನ ತಲೆ ಮೇಲೆ ಹಾರಿದರೆ ಅವನು ಸಾಯೋದೇ ಇಲ್ಲ. ಅವನ ತಲೆ ಮೇಲೆ ನಿಂತು ಸವಾರಿ ಮಾಡಬಹುದು, ಎತ್ತಿ ಎಸೆಯಬಹುದು. ನೆಲದಿಂದ ಮೂಲಂಗಿ ಥರದ ತರಕಾರಿ ಕಿತ್ತು ಹೊಡೆಯಬೇಕು. ಟೈಮ್ ಲೆಕ್ಕವೂ ಇಲ್ಲ. ನನಗೆ ಹತ್ತು ನಿಮಿಷಕ್ಕೆ ತಲೆ ಕೆಟ್ಟಿತು. ಮಗಳು ಮಾತ್ರ ರಾಜಕುಮಾರಿಯನ್ನು ಆರಿಸಿಕೊಂಡು (ಅವಳು ಗಾಳಿಯಲ್ಲಿ ತೇಲುತ್ತಾಳೆ) ಊಟಕ್ಕೆ ಕರೆದರೂ ಏಳಲಿಲ್ಲ.

ನನ್ನ ವಾದ: ಮೊದಲನೆಯದೇ ನಿಜವಾದ ಮುಂದಿನ ಭಾಗ. ಮಾರಿಯೋ ಅಂದ್ರೆ ಹಾರು, ತುಳಿ. ಅದನ್ನೇ ಕಿತ್ತು ಹಾಕಿದರೆ ಇನ್ನೇನು ಉಳಿಯಿತು? ಹೋಟೆಲಿಗೆ ಹೋಗಿ ಬೆಣ್ಣೆದೋಸೆ ಕೇಳಿದವನಿಗೆ ಪಾಸ್ತಾ ಕೊಟ್ಟು "ಹೊಸ ರುಚಿ ಸಾರ್" ಅಂದರೆ ಹೆಂಗಿರುತ್ತೆ? ಮಗಳ ವಾದ: ಒಂದೇ ಆಟವನ್ನ ಎರಡು ಸಲ ಯಾಕೆ ಆಡಬೇಕು? ನೀವೇನಂತೀರಿ?

ಎಂಟು_ಬಿಟ್:

ಸರ್, ನಿಮ್ಮ ಪಾಸ್ತಾದ ಕಥೆ ಇನ್ನೂ ಮಜವಾಗಿದೆ. ಅದು ಹುಟ್ಟಿದಾಗ ಮಾರಿಯೋ ಆಟವೇ ಆಗಿರಲಿಲ್ಲ. 1987ರಲ್ಲಿ ಜಪಾನಿನ ಫ್ಯೂಜಿ ಟಿವಿಯವರ ಒಂದು ದೊಡ್ಡ ಮೇಳದ ಪ್ರಚಾರಕ್ಕೆ ಅಂತ ನಿಂಟೆಂಡೋ 'ಡೋಕಿ ಡೋಕಿ ಪ್ಯಾನಿಕ್' ಅನ್ನೋ ಆಟ ಮಾಡಿತು. ನಾಯಕರು ಆ ಮೇಳದ ಗೊಂಬೆಗಳು: ಒಬ್ಬ ಹುಡುಗ, ಅವನ ಗೆಳತಿ, ಅಪ್ಪ, ಅಮ್ಮ. ಇತ್ತ ಅಮೆರಿಕದ ನಿಂಟೆಂಡೋದವರು ನಿಮ್ಮ 1986ರ ಆಟ ಆಡಿ ನೋಡಿ, ಇದು ಅತಿ ಕಷ್ಟ, ಆಡೋಕೆ ಖುಷಿಯೂ ಇಲ್ಲ, ನಮ್ಮಲ್ಲಿ ಬೇಡ ಅಂದರು. ಕೊನೆಗೆ ಆ ಗೊಂಬೆಗಳ ಮುಖ ತೆಗೆದು ಮಾರಿಯೋ, ಲುಯಿಜಿ, ರಾಜಕುಮಾರಿ, ಟೋಡ್ ಮುಖ ಅಂಟಿಸಿದರು.

ಹಾಗಂತ ಅದು ಪೂರ್ತಿ ಪರಕೀಯವೂ ಅಲ್ಲ. ಮೇಳದ ಮಾತು ಬರುವ ಮುಂಚೆ ಆ ತಂಡ ಮಾರಿಯೋ ಥರದ್ದೇ ಒಂದು ಪ್ರಯೋಗ ಮಾಡುತ್ತಿತ್ತು. ಇಬ್ಬರು ಸೇರಿ ವಸ್ತುಗಳನ್ನ ಎತ್ತುತ್ತಾ, ಎಸೆಯುತ್ತಾ ಮೇಲಕ್ಕೆ ಹತ್ತುವ ಆಟ. ಅಲ್ಲಿಂದಲೇ ಈ ಎತ್ತಿ ಎಸೆಯುವ ಚಾಳಿ ಬಂದದ್ದು. 1992ರಲ್ಲಿ ಅದೇ ಆಟ 'ಸೂಪರ್ ಮಾರಿಯೋ ಯುಎಸ್ಎ' ಅಂತ ಹೆಸರು ಇಟ್ಟುಕೊಂಡು ಜಪಾನಿಗೇ ವಾಪಸ್ ಹೋಯಿತು, ಮದುವೆಯಾಗಿ ತವರಿಗೆ ಬಂದ ಹಾಗೆ.

ಮತ್ತೆ 1986ರದ್ದನ್ನ ಸುಮ್ನೆ ಎರಡನೇ ಭಾಗ ಅಂತ ನೋಡಬೇಡಿ. ಡಬ್ಬಿ ಮೇಲೇ 'ಸೂಪರ್ ಪ್ಲೇಯರ್‌ಗಳಿಗೆ' ಅಂತ ಬರೆದಿದ್ದರು. ಮೊದಲ ಆಟವನ್ನ ಅರೆದು ಕುಡಿದವರಿಗೆ ಕೊಟ್ಟ ಪರೀಕ್ಷೆ ಅದು. ನಿಮ್ಮ ಮಗಳು ಪಾಠವನ್ನೇ ಓದದೆ ಪರೀಕ್ಷೆಗೆ ಕೂತಳು, ಪಾಪ. ಅಣಬೆ ಕಂಡರೆ ತಿನ್ನಬೇಕು ಅನ್ನೋದು ನಿಮಗೆ ಅಭ್ಯಾಸವಾಗಿದೆ ಅಂತ ಗೊತ್ತಿದ್ದೇ ಅವರು ವಿಷ ಇಟ್ಟದ್ದು. ಆ ತಮಾಷೆ ಅರ್ಥವಾಗಬೇಕಾದರೆ ಮೊದಲು ಆ ಅಭ್ಯಾಸ ಇರಬೇಕಲ್ವಾ?

ಫ್ಲಾಪಿ_ಮಾಸ್ತರ:

ನಾನು ಮಾರಿಯೋ ಪಾರ್ಟಿ ಅಲ್ಲ, 'ಪ್ರಿನ್ಸ್ ಆಫ್ ಪರ್ಷಿಯಾ' ಆಟದ ಪಾರ್ಟಿ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದು ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ, ಕಲಿತದ್ದು ಆ ಆಟದಲ್ಲಿ ಕಳ್ಳಾಟ ಆಡೋಕೆ 'ಪ್ರಿನ್ಸ್ ಮೆಗಾಹಿಟ್' ಅಂತ ಟೈಪ್ ಮಾಡೋದು. ಚಪ್ಪಲಿ ಹೊರಗೆ ಬಿಟ್ಟು, ಎಸಿ ರೂಮಿನಲ್ಲಿ ನಡುಗುತ್ತಾ ಕೂತು, ಸರ್ ಬರುವ ಸದ್ದಾದರೆ ತೆರೆ ಖಾಲಿ ಮಾಡಬೇಕಿತ್ತು.

1989ರ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ನಿಮಗೆ ಸಿಗೋದು 60 ನಿಮಿಷ. ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡೋದು, ಹಾರೋದನ್ನ ವಿಡಿಯೋ ತೆಗೆದು ಅದರಿಂದ ರಾಜಕುಮಾರನ ನಡಿಗೆ ಬಿಡಿಸಿದ. ಅದಕ್ಕೇ ಅವನಿಗೆ ಮೈಭಾರ ಇದೆ. ಓಡುತ್ತಿದ್ದವನು ಗಕ್ಕನೆ ನಿಲ್ಲಲ್ಲ, ಜಾರುತ್ತಾನೆ. ಮುಂದೆ ಗುಂಡಿ ಇದ್ದರೆ ಹೋಯ್ತು. 1993ರ ಎರಡನೇ ಭಾಗದಲ್ಲೂ ಅದೇ ಓಟ, ಅದೇ ಜಿಗಿತ. ಟೈಮ್ ಮಾತ್ರ 75 ನಿಮಿಷ. ಎಲ್ಲಾ ಜಾಸ್ತಿ ಮಾಡಿದರು: ಜಾಗ ಜಾಸ್ತಿ, ಬಣ್ಣ ಜಾಸ್ತಿ, ಒಟ್ಟಿಗೆ ಮೂರ್ನಾಲ್ಕು ಜನ ಕತ್ತಿ ಹಿಡಿದು ಬರುತ್ತಾರೆ. ಮೊದಲನೆಯದರಲ್ಲಿ ಒಬ್ಬ ಕಾವಲುಗಾರ ಎದುರು ನಿಂತರೆ ಎದೆ ಡವಗುಟ್ಟುತ್ತಿತ್ತು. ಇಲ್ಲಿ ಗುಂಪು ಬಂದರೆ ಬರೀ ಕಿರಿಕಿರಿ. ಎಲ್ಲಾ ಅದೇ ಇದ್ದೂ ನನಗೆ ಹಿಡಿಸಲಿಲ್ಲ.

2003ರ 'ಸ್ಯಾಂಡ್ಸ್ ಆಫ್ ಟೈಮ್' ಬಂದಾಗ ಮೂತಿ ತಿರುಗಿಸಿದ್ದೆ. ತ್ರೀಡಿ, ಗೋಡೆ ಮೇಲೆ ಓಟ, ಇದು ಪ್ರಿನ್ಸೇ ಅಲ್ಲ ಅಂತ. ಒಂದು ಕಡೆ ಹಾರಿದೆ, ತಪ್ಪಿತು, ಬಿದ್ದೆ. ಒಂದು ಬಟನ್ ಒತ್ತಿ ಹಿಡಿದರೆ, ಬಿದ್ದವನು ಹಿಂದಕ್ಕೆ ಎದ್ದು ಬಂದು ಕಟ್ಟೆ ಮೇಲೆ ನಿಂತ! ಕಾಲವೇ ಹಿಂದಕ್ಕೆ ಸರಿಯುತ್ತದೆ. ಅವತ್ತು ರಾತ್ರಿ ಮಲಗಿದಾಗ ಹೊಳೆಯಿತು. ಮೊದಲ ಆಟದಲ್ಲಿ ಟೈಮೇ ನಮ್ಮ ಶತ್ರು, ಇಲ್ಲಿ ಅದನ್ನೇ ತೆಗೆದು ನಮ್ಮ ಕೈಗೆ ಕೊಟ್ಟಿದ್ದಾರೆ. ಕಣ್ಣಿಗೆ ಕಾಣುವುದನ್ನೆಲ್ಲ ಬದಲಿಸಿದರೂ ಆಟದ ಜೀವ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. 1993ರವರಿಗೆ ಗೊತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಬೈಯುವವರು ಬೈಯಿರಿ.

ಇನ್ನೊಂದು. ಅದರ ಮುಂದಿನ ಭಾಗ ಅಂತ ಶುರು ಮಾಡಿದ ಒಂದು ಆಟದಲ್ಲಿ ರಾಜಕುಮಾರನನ್ನ ಕಾಯುವ ಹಂತಕನೇ ನಾಯಕನಾಗಿಬಿಟ್ಟ. ಕೊನೆಗೆ ಅದನ್ನ ಬೇರೆ ಹೆಸರಲ್ಲೇ ತಂದರು, 2007ರ ಅಸಾಸಿನ್ಸ್ ಕ್ರೀಡ್. ಅಷ್ಟು ದೂರ ಹೋದ ಮೇಲೆ ಬೇರೆ ಹೆಸರು ಇಡೋದೇ ಮರ್ಯಾದೆ.

ಸುಮ್ನೆ_ಓದೋನು:

ಡೇಂಜರಸ್ ಡೇವ್ ಯಾರಿಗೂ ನೆನಪಿಲ್ವಾ ಗುರು? ಮೊದಲನೆಯದರಲ್ಲಿ ಟೋಪಿ ಹಾಕಿಕೊಂಡು ಕಪ್ ಎತ್ತಿಕೊಂಡು ಬಾಗಿಲಿಗೆ ಓಡೋದು. 1991ರ ಎರಡನೇ ಭಾಗ ಹಾಕಿದರೆ ಅದೇ ಡೇವ್ ಕೈಯಲ್ಲಿ ಬಂದೂಕು, ಮನೆ ತುಂಬಾ ಹೆಣಗಳು ಎದ್ದು ಓಡಾಡ್ತಾವೆ. ನನಗೆ ಎಂಟು ವರ್ಷ. ಮೂರು ದಿನ ಬಚ್ಚಲುಮನೆಗೆ ಒಬ್ಬನೇ ಹೋಗಿಲ್ಲ. ಹೊಸತು ಬೇಕಾ ಹಳತು ಬೇಕಾ ಅಂತ ನನ್ನ ಕೇಳಿದರೆ, ಮೊದಲೇ ಹೇಳಿ ಮಾಡಿ ಅಂತೀನಿ, ಅಷ್ಟೇ.

ದಾವಣಗೆರೆ_ಮಾರಿಯೋ:

ಎಲ್ಲರಿಗೂ ಥ್ಯಾಂಕ್ಸ್. ಮಾಸ್ತರರ ಮಾತು ಮಗಳಿಗೆ ಓದಿ ಹೇಳಿದೆ. ಅವಳಿಗೆ ಪ್ರಿನ್ಸ್ ಯಾರು ಅಂತಲೇ ಗೊತ್ತಿಲ್ಲ, ಆದರೂ "ನೋಡಿದ್ಯಾ" ಅಂದಳು.

ಒಂದು ವಿಷಯ ಬರೆಯೋದು ಮರೆತಿದ್ದೆ. ಮೂಲಂಗಿ ಆಟದಲ್ಲಿ ಕೆಂಪು ಬಟ್ಟೆ, ಬಿಳಿ ಮುಖವಾಡ ಹಾಕಿಕೊಂಡು ಒಬ್ಬ ಓಡಾಡುತ್ತಾನೆ. ಅವನನ್ನ ಕಂಡ ತಕ್ಷಣ ಅವಳು ಕಿರುಚಿದಳು, "ಅಪ್ಪಾ, ಶೈ ಗೈ! ನಮ್ಮ ಕಾರ್ ರೇಸಿನವನು!" ಮಾರಿಯೋ ಕಾರ್ಟ್‌ನಲ್ಲಿ ಅವಳು ಯಾವಾಗಲೂ ಆರಿಸೋದು ಅವನನ್ನೇ. ಡೋಕಿ ಡೋಕಿಯಿಂದ ಬಂದ ಪರದೇಶಿ ಅವಳ ಪಾಲಿಗೆ ಮನೆಯವನೇ. ಮಾರಿಯೋ ಅಂದ್ರೆ ಏನು ಅಂತ ನನ್ನ ಲೆಕ್ಕವೇ ಬೇರೆ, ಅವಳ ಲೆಕ್ಕವೇ ಬೇರೆ. ಇದಕ್ಕೆ ನಾನೇನು ಉತ್ತರ ಕೊಡಲಿ?

ಆದರೂ ನಾನು ಸೋತಿಲ್ಲ. ಅವಳು ಮಲಗಿದ ಮೇಲೆ ಟಿವಿ ಸೌಂಡ್ ಕಮ್ಮಿ ಮಾಡಿಕೊಂಡು ವಿಷದ ಅಣಬೆಯದ್ದನ್ನೇ ಆಡ್ತಿದ್ದೀನಿ. ನಿನ್ನೆ ಮೂರನೇ ಲೋಕದಲ್ಲಿ ಒಂದು ಗುಪ್ತ ಪೈಪ್ ಸಿಕ್ಕಿತು. ಹಳೇ ಮಾರಿಯೋದಲ್ಲಿ ಹಾಗೆ ಸಿಕ್ಕರೆ ಮೂರ್ನಾಲ್ಕು ಲೋಕ ಮುಂದೆ ಹಾರಬಹುದಿತ್ತಲ್ಲ, ಅದೇ ಆಸೆಯಿಂದ ಇಳಿದೆ. ಮತ್ತೆ ಒಂದನೇ ಲೋಕಕ್ಕೆ ತಂದು ಬಿಟ್ಟಿತು. ರಾತ್ರಿ ಒಂದು ಗಂಟೆಗೆ ಒಬ್ಬನೇ ಕೂತು ನಕ್ಕಿದ್ದೀನಿ. ಹೆಂಡತಿ ಎದ್ದು ಬಂದು "ಏನಾಯ್ತ್ರೀ?" ಅಂದಳು.