ಅಪ್‌ಡೇಟ್: ಕೊನೆಗೂ ಮಾತಾಡೋಕೆ ಒಬ್ಬರು ಸಿಕ್ಕರು

ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನಿದ್ದೆ ಇಲ್ಲ, ನಾನು ಹೋಗ್ತಿದ್ದ ಕೌನ್ಸೆಲರ್ ಬರೀ "ಪಾಸಿಟಿವ್ ಆಗಿರಿ" ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದೇ ನಾನು.

ಅವರನ್ನು ಬಿಟ್ಟೆ. ಒಂದು ರಾತ್ರಿ 2 ಗಂಟೆಗೆ ತಡೆಯಲಾರದೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿ ದಾಟೋಕೆ ಅಷ್ಟು ಸಾಕಾಯ್ತು. ಆಮೇಲೆ ನನ್ನ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಹತ್ತಿರಾನೇ ಬಾಯಿಬಿಟ್ಟೆ. ಕ್ಯಾನ್ಸರ್ ಇರೋರ ಮನಸ್ಸನ್ನೇ ನೋಡೋ ಸೈಕೋ-ಆಂಕಾಲಜಿ ಅಂತ ಒಂದು ವಿಭಾಗ ಇರುತ್ತೆ ಅಂತ ಆಗಲೇ ಗೊತ್ತಾಗಿದ್ದು. ಮೊದಲೇ ಯಾರೂ ಯಾಕೆ ಹೇಳಲಿಲ್ಲವೋ!

ಆ ವಿಭಾಗದ ಸೈಕಾಲಜಿಸ್ಟ್ ಮೇಡಂ ಹತ್ತಿರ ಹೋದೆ. ಈ ಸಲ ಪ್ರಶ್ನೆ ಕೇಳಿದ್ದು ನಾನು. ಆರ್‌ಸಿಐ (ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನ ನೋಂದಾಯಿಸೋ ಸರ್ಕಾರಿ ಮಂಡಳಿ) ನೋಂದಣಿ ಇದೆಯಾ? ಕೀಮೋ ತಗೊಳ್ತಿರೋರನ್ನ ನೋಡಿದ್ದೀರಾ? ಸುಸ್ತಾದ ದಿನ ಫೋನಲ್ಲೇ ಮಾತಾಡಬಹುದಾ? ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಸಾಯೋ ಭಯ ಅಂದಾಗ ಮಾತು ತಿರುಗಿಸಲಿಲ್ಲ, ಅತ್ತಾಗ ಸುಮ್ಮನೆ ಕೂತಿದ್ದರು. ನನಗೆ ಬೇಕಿದ್ದದ್ದು ಇಷ್ಟೇ.

ಮಾತ್ರೆಗೆ ಮನೋವೈದ್ಯರ ಹತ್ತಿರ ಕಳಿಸಿದರು. ಟ್ಯಾಮಾಕ್ಸಿಫೆನ್ ಅನ್ನೋ ಸ್ತನ ಕ್ಯಾನ್ಸರ್ ಮಾತ್ರೆ ತಗೊಳ್ಳೋರು ಅಲ್ಲಿ ಅದನ್ನ ಹೇಳಲೇಬೇಕು. ಪ್ಯಾರಾಕ್ಸಿಟಿನ್ ಥರದ ಕೆಲವು ಖಿನ್ನತೆಯ ಮಾತ್ರೆ ಅದರ ಕೆಲಸ ತಗ್ಗಿಸುತ್ತೆ.

"ನಿನಗೇನು ಹುಚ್ಚಾ ಅಲ್ಲಿಗೆಲ್ಲ ಹೋಗೋಕೆ" ಅಂತಿದ್ದ ಅಮ್ಮ, ಈಗ ಬುಧವಾರ ರಾತ್ರೀನೇ "ನಾಳೆ ನಿನ್ನ ಮೇಡಂ ದಿನ ಅಲ್ವೇನೇ" ಅಂತ ನೆನಪಿಸ್ತಾಳೆ.