3 ಆಂಪಿಯರ್ ಎಂದು ಬರೆದಿರುವ ಅಡಾಪ್ಟರ್ ನಿಜಕ್ಕೂ ಅಷ್ಟು ಕೊಡುತ್ತದೆಯೇ?

ಪ್ರಶ್ನೆ (ತೀರ್ಥಹಳ್ಳಿ):
ನಮಸ್ಕಾರ. ತೋಟದ ಮನೆಯಲ್ಲಿ ಮಳೆಯ ಲೆಕ್ಕ ಇಡಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಹಾರ್ಡ್ ಡಿಸ್ಕ್ ಜೋಡಿಸಿದರೆ ವೋಲ್ಟೇಜ್ ಕಡಿಮೆಯೆಂಬ ಎಚ್ಚರಿಕೆ ಬರುತ್ತದೆ, ಕೆಲವೊಮ್ಮೆ ಯಂತ್ರವೇ ಆರಿ ಮತ್ತೆ ಶುರುವಾಗುತ್ತದೆ. ಅಡಾಪ್ಟರಿನ ಮೇಲೆ 5 ವೋಲ್ಟ್, 3 ಆಂಪಿಯರ್ ಎಂದಿದೆ. ಕೇಬಲ್ ಬೇರೆ ಕೊಂಡದ್ದು. ಏನನ್ನೂ ಜೋಡಿಸದೆ ಮಲ್ಟಿಮೀಟರಿನಲ್ಲಿ ನೋಡಿದರೆ 5.1 ವೋಲ್ಟ್ ಇದೆ. ದೋಷ ಅಡಾಪ್ಟರಿನದೋ, ಮಳೆಗಾಲದ ನಮ್ಮ ಲೈನಿನದೋ?

ಉತ್ತರ (ಶಿವಮೊಗ್ಗ):
ಲೋಡ್ (ಕರೆಂಟ್ ಬಳಸುವ ಉಪಕರಣ) ಇಲ್ಲದೆ ಅಳೆದ ವೋಲ್ಟೇಜಿನಿಂದ ಏನೂ ತಿಳಿಯುವುದಿಲ್ಲ. ಅಡಾಪ್ಟರ್ ಕರೆಂಟನ್ನು ತಾನಾಗಿ ತಳ್ಳುವುದಿಲ್ಲ, ಲೋಡ್ ಎಳೆದುಕೊಳ್ಳುತ್ತದೆ; ಆದ್ದರಿಂದ 3 ಆಂಪಿಯರ್ ಎಳೆದಾಗ ವೋಲ್ಟೇಜ್ ನಿಲ್ಲುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು. 5 ಓಮ್, 10 ವಾಟಿನ ಬಿಳಿ ಸಿರಾಮಿಕ್ ರೆಸಿಸ್ಟರ್ ಮೂರು ತಂದು, ಹಳೆಯ ಯುಎಸ್‌ಬಿ ಕೇಬಲಿನ ಕೆಂಪು ಮತ್ತು ಕಪ್ಪು ತಂತಿಗಳಿಗೆ ಒಂದೊಂದಾಗಿ ಸಮಾಂತರದಲ್ಲಿ ಸೇರಿಸಿ. ಒಂದಕ್ಕೆ 1, ಎರಡಕ್ಕೆ 2, ಮೂರಕ್ಕೆ 3 ಆಂಪಿಯರಿನಷ್ಟು ಕರೆಂಟ್ ಹರಿಯುತ್ತದೆ. ಒಟ್ಟು 15 ವಾಟ್ ಶಾಖ ಬರುವುದರಿಂದ ಅವನ್ನು ಕಲ್ಲಿನ ಮೇಲಿಡಿ, ಕೈ ತಾಗಿಸಬೇಡಿ. ಪ್ರತಿ ಹಂತದಲ್ಲೂ ಅಡಾಪ್ಟರಿನ ತುದಿಯ ವೋಲ್ಟೇಜ್ ಬರೆದುಕೊಳ್ಳಿ. ಮೂರೂ ಇದ್ದಾಗ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಏಕೆಂದರೆ ತಣ್ಣಗಿರುವಾಗ ತಡೆದುಕೊಂಡ ಅಗ್ಗದ ಅಡಾಪ್ಟರ್ ಕಾದ ಮೇಲೆ ಕುಸಿಯಬಹುದು. 4.75ಕ್ಕಿಂತ ಕೆಳಗಿಳಿದರೆ ಅದನ್ನು ನಂಬಬೇಡಿ. ಮೀಟರನ್ನು ಆಂಪಿಯರ್ ಸ್ಥಾನದಲ್ಲಿಟ್ಟು ನೇರವಾಗಿ ಎರಡು ತುದಿಗಳಿಗೆ ಹಿಡಿಯುವುದಂತೂ ಖಂಡಿತ ಬೇಡ, ಅದು ಶಾರ್ಟ್ ಮಾಡಿದಂತೆಯೇ.

ಉತ್ತರ (ಸಾಗರ):
ಮೇಲಿನ ವಿಧಾನ ಸರಿಯಾಗಿದೆ, ಆದರೆ ನನಗೆ ಹೆಚ್ಚು ಅನುಮಾನ ಕೇಬಲಿನ ಮೇಲೆ. ಹೋಗಿಬರುವ ತಂತಿಗಳ ರೋಧ ಒಟ್ಟು 0.2 ಓಮ್ ಇದ್ದರೂ 3 ಆಂಪಿಯರಿಗೆ 0.6 ವೋಲ್ಟ್ ದಾರಿಯಲ್ಲೇ ಕಳೆದು, ಪೈಗೆ 4.5 ಮಾತ್ರ ತಲುಪುತ್ತದೆ. ಅದು ಎಚ್ಚರಿಕೆ ಕೊಡುವುದು ಸುಮಾರು 4.63ಕ್ಕೆ. ಡಿಸ್ಕ್ ಓಡುತ್ತಿರುವಾಗ ಪೈಯ ಪಿನ್‌ಗಳಲ್ಲಿ 4 (5 ವೋಲ್ಟ್) ಮತ್ತು 6ರ (ಗ್ರೌಂಡ್) ನಡುವೆ ವೋಲ್ಟೇಜ್ ಅಳೆಯಿರಿ. ಎರಡೂ ಅಕ್ಕಪಕ್ಕದಲ್ಲಿರುವುದರಿಂದ ಮೀಟರಿನ ಮೊನೆ ಜಾರದಂತೆ ನೋಡಿಕೊಳ್ಳಬೇಕು. ಅಡಾಪ್ಟರಿನ ತುದಿಯಲ್ಲಿ 5.1 ಇದ್ದು ಇಲ್ಲಿ ಕಡಿಮೆಯಾದರೆ, ದಪ್ಪ ತಂತಿಯ ಗಿಡ್ಡ ಕೇಬಲ್ ಸಾಕು, ಹೊಸ ಅಡಾಪ್ಟರಿಗೆ ದುಡ್ಡು ಹಾಕಬೇಡಿ.

ಉತ್ತರ (ಹೊಸನಗರ):
ಲೈನಿನ ಬಗ್ಗೆ ಕೇಳಿದ್ದೀರಿ. ಅಡಾಪ್ಟರಿನ ಮೇಲೆ ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಲೈನ್ 180ಕ್ಕೆ ಇಳಿದರೂ ತೊಂದರೆಯಿಲ್ಲ; ಕ್ಷಣಕಾಲ ಕರೆಂಟ್ ಹೋಗಿಬರುವುದು ಬೇರೆ ಸಮಸ್ಯೆ, ಅದಕ್ಕೆ ಯುಪಿಎಸ್ ಬೇಕು. ಇನ್ನೊಂದು ವಿಷಯ: ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿ ಸಿಗುವುದು 1.2 ಆಂಪಿಯರ್ ಮಾತ್ರ. ಅಡಾಪ್ಟರ್ ಮತ್ತು ಕೇಬಲ್ ಎರಡೂ ಪರೀಕ್ಷೆಯಲ್ಲಿ ಸರಿಯೆಂದು ಕಂಡರೆ, ಡಿಸ್ಕನ್ನು ಪ್ರತ್ಯೇಕ ವಿದ್ಯುತ್ ಇರುವ ಯುಎಸ್‌ಬಿ ಹಬ್ (ಹಲವು ಪೋರ್ಟ್‌ಗಳ ಪೆಟ್ಟಿಗೆ) ಮೂಲಕ ಜೋಡಿಸಿ ನೋಡಿ.