ಮೂರೇ ತಿಂಗಳಿಗೆ ಎಪಾಕ್ಸಿ ಹಪ್ಪಳದ ಹಾಗೆ ಏಳುತ್ತಿದೆ, ಯಾಕೆ?

ಕರಾವಳಿ_ಶೆಡ್:
ಉಡುಪಿ ಹತ್ತಿರ ನಮ್ಮ ಮನೆ. ಬೈಕ್ ಶೆಡ್ಡಿನ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಗಟ್ಟಿ ಲೇಪ) ಹಾಕಿದ್ದೆ. ಈಗ ಹಿಂದಿನ ಮೂಲೆಯಲ್ಲಿ ಗುಳ್ಳೆ ಎದ್ದಿದೆ, ಉಗುರು ಹಾಕಿದರೆ ಕಿತ್ತು ಬರುತ್ತದೆ. ರೆಸಿನ್, ಹಾರ್ಡನರ್ ತೂಕ ಮಾಡಿಯೇ ಬೆರೆಸಿದ್ದು. ತುಂಬಾ ಬೇಜಾರಾಗಿದೆ.

ಕಪ್_ವೀಲ್:
ಹಚ್ಚುವ ಮೊದಲು ನೆಲ ಗ್ರೈಂಡ್ ಮಾಡಿದ್ರಾ? ಕಿತ್ತ ತುಂಡಿನ ಅಡಿ ನೋಡಿ. ಸಿಮೆಂಟ್ ಪುಡಿ ಅಂಟಿದ್ದರೆ ನೆಲದ ಮೇಲಿನ ಸಡಿಲ ಸಿಮೆಂಟ್ ಹಾಲಿನ ಪದರವೇ ಕಿತ್ತಿದೆ.

ಕರಾವಳಿ_ಶೆಡ್:
ಗ್ರೈಂಡರ್ ಇಲ್ಲ. ಆಸಿಡ್ ಹಾಕಿ ಉಜ್ಜಿ ತೊಳೆದಿದ್ದೆ. ತುಂಡಿನ ಅಡಿ ನುಣ್ಣಗಿದೆ, ಪುಡಿ ಇಲ್ಲ.

ಕಪ್_ವೀಲ್:
ಅಲ್ಲೇ ತಪ್ಪಿದ್ದು. ಆಸಿಡ್ ನಂಬಬೇಡಿ.

ನೀಲಿ_ಜಾವಾ:
ಸುಮ್ನೆ ಆಸಿಡ್ ಬೈಯಬೇಡಿ. ನಾನು ಎರಡು ನೆಲ ಹಾಗೇ ಮಾಡಿದ್ದೇನೆ. ಚೆನ್ನಾಗಿ ತೊಳೆಯಬೇಕು, ಅಷ್ಟೇ.

ಕಪ್_ವೀಲ್:
ನಾನು ನೆಲ ಉಜ್ಜಿದ್ದು ಗ್ರೈಂಡರಿನ ಡೈಮಂಡ್ ಕಪ್ ಚಕ್ರದಿಂದ, ಜೊತೆಗೆ ಧೂಳಿಗೆ ವ್ಯಾಕ್ಯೂಮ್. ಮಳೆಗಾಲದಲ್ಲೇ ಹಾಕಿದ್ದು, ಐದು ವರ್ಷವಾದರೂ ಒಂದು ಗುಳ್ಳೆ ಇಲ್ಲ.

ಹಳೇ_ಸೈಟ್:
ನಿಮ್ಮ ವರ್ಕ್‌ಶಾಪ್ ಮೊದಲ ಮಹಡಿಯಲ್ಲಿ ಅಲ್ವಾ? ಅಡಿಯಲ್ಲಿ ಮಣ್ಣೇ ಇಲ್ಲ. ಶೆಡ್ ಅವರೇ, ಯಾವ ತಿಂಗಳು ಹಾಕಿದ್ದು? ನೆಲದಡಿ ಪ್ಲಾಸ್ಟಿಕ್ ಶೀಟ್ ಇದೆಯಾ? ಗುಳ್ಳೆಯಲ್ಲಿ ನೀರಿತ್ತಾ?

ಕರಾವಳಿ_ಶೆಡ್:
ಜುಲೈ ಕೊನೆ. ಶೀಟ್ ಹಾಕಿಲ್ಲ ಅಂತ ಅಪ್ಪ ಹೇಳಿದರು. ಹೌದು, ಒಂದು ಗುಳ್ಳೆಯಲ್ಲಿ ನೀರಿತ್ತು. ಆದರೆ ಎರಡು ದಿನ ಫ್ಯಾನ್ ಹಾಕಿ ಒಣಗಿಸಿದ್ದೆ!

ಹಳೇ_ಸೈಟ್:
ಫ್ಯಾನ್ ಗಾಳಿಗೆ ಮೇಲ್ಮೈ ಒಣಗುತ್ತದೆ, ಒಳಗಿನ ತೇವ ಹೋಗುವುದಿಲ್ಲ. ಮಣ್ಣಿನ ತೇವ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಎಪಾಕ್ಸಿ ಅದನ್ನು ಹೊರಗೆ ಬಿಡುವುದಿಲ್ಲ, ಹಾಗಾಗಿ ಕೆಳಗಿಂದ ತಳ್ಳಿಸಿಕೊಂಡು ಬಿಟ್ಟುಕೊಳ್ಳುತ್ತದೆ. ಹಚ್ಚುವಾಗ ಗಾಳಿಯ ತೇವ 85%ಗಿಂತ ಕಡಿಮೆ ಇರಬೇಕು. ನೆಲ, ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ನಿಮ್ಮ ಕಡೆ ಜುಲೈನಲ್ಲಿ ಇದು ಬಹಳ ಕಷ್ಟ. ಎಪಾಕ್ಸಿ ಕೆರೆದ ಜಾಗಕ್ಕೆ 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. 16 ಗಂಟೆಯಾದ ಮೇಲೆ ತೆಗೆದು ನೋಡಿ.

ನೀಲಿ_ಜಾವಾ:
ಆಸಿಡ್ ತೊಳೆದ ನೀರೂ ನೆಲದೊಳಗೆ ಇಳಿದಿರಬಹುದು. ಇದನ್ನು ನಾನು ಒಪ್ಪುತ್ತೇನೆ.

ಕರಾವಳಿ_ಶೆಡ್:
ಎರಡು ಕಡೆ ಪ್ಲಾಸ್ಟಿಕ್ ಹಚ್ಚಿ ನೋಡಿದೆ. ಬಾಗಿಲ ಹತ್ತಿರ ಒಣಗಿದೆ. ಮೂಲೆಯಲ್ಲಿ ಪ್ಲಾಸ್ಟಿಕ್ ತುಂಬಾ ಹನಿ, ನೆಲ ಕಪ್ಪಾಗಿದೆ.

ಹಳೇ_ಸೈಟ್:
ಆ ಮೂಲೆಯ ಹೊರಗೆ ಏನಿದೆ?

ಕರಾವಳಿ_ಶೆಡ್:
ಮಾಡಿನ ನೀರಿನ ಪೈಪ್ ಅಲ್ಲೇ ಬಿಟ್ಟಿದ್ದೇವೆ. ಅದು ಮುಖ್ಯ ಅಂತ ಅನಿಸಿರಲಿಲ್ಲ.

ಹಳೇ_ಸೈಟ್:
ಮೊದಲು ಪೈಪನ್ನು ದೂರಕ್ಕೆ ತಿರುಗಿಸಿ. ಫೆಬ್ರವರಿಯಲ್ಲಿ ಮತ್ತೆ ಪ್ಲಾಸ್ಟಿಕ್ ಹಚ್ಚಿ ನೋಡಿ. ಅಲ್ಲಿವರೆಗೆ ಹೊಸ ಡಬ್ಬ ಕೊಳ್ಳಬೇಡಿ.

ಕಪ್_ವೀಲ್:
ಉಳಿದದ್ದನ್ನು ಕೆರೆಯುವಾಗ ಮಾತ್ರ ಗ್ರೈಂಡರ್ ಬಾಡಿಗೆಗೆ ತನ್ನಿ.